ಅಪ್‌ಡೇಟ್: ಕೊನೆಗೆ ಅಬಿಸ್ಕೋಗೆ ಹೋಗಿ ಬಂದೆವು

ನಾರ್ದರ್ನ್ ಲೈಟ್ಸ್ (ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ನೋಡಲು ನಾರ್ವೆಯ ಟ್ರೊಮ್ಸೋ, ಐಸ್‌ಲ್ಯಾಂಡ್, ಸ್ವೀಡನ್ನಿನ ಅಬಿಸ್ಕೋ, ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮಾರ್ಚ್‌ನಲ್ಲಿ ಅಬಿಸ್ಕೋಗೆ ಹೋದೆವು.

ಮೋಡದ ಲೆಕ್ಕ ಹಾಕಿಯೇ ಆರಿಸಿದ್ದು. ಬೆಳಕು ಮೂರೂ ಕಡೆ ಬರುತ್ತದೆ, ಆದರೆ ಆಕಾಶ ತಿಳಿಯಾಗಿರಬೇಕಲ್ವಾ? ಟ್ರೊಮ್ಸೋ ಕಡಲ ಪಕ್ಕದ ಊರು, ಮೋಡ ಜಾಸ್ತಿ. ಅಬಿಸ್ಕೋದ ಪಶ್ಚಿಮಕ್ಕಿರುವ ಬೆಟ್ಟಗಳು ಕಡಲಿನ ತೇವವನ್ನು ತಡೆಯುತ್ತವೆ. ನಮ್ಮ ಘಟ್ಟದಾಚೆ ಚಿತ್ರದುರ್ಗಕ್ಕೆ ಮಳೆ ಕಮ್ಮಿ ಆಗುವಂತೆಯೇ. ಅಬಿಸ್ಕೋದಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಸೇರಿ ಸುಮಾರು 300 ಮಿ.ಮೀ. ಅಷ್ಟೇ.

ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಮೊದಲು ಕಂಡಿದ್ದು ಬೂದು ಪಟ್ಟಿ. ಮೋಡ ಅಂದುಕೊಳ್ಳಬೇಕು, ಹಾಗಿತ್ತು. ಫೋನ್ ಹಿಡಿದರೆ ಹಸಿರು! ಸ್ವಲ್ಪ ಹೊತ್ತಿಗೆ ಕಣ್ಣಿಗೂ ಹಸಿರಾಯಿತು. ಕೆಳ ಅಂಚಿನಲ್ಲಿ ಗುಲಾಬಿ ಹರಿದಾಡಿತು, ಸರೋವರದ ಹಿಮಕ್ಕೂ ಆ ಬಣ್ಣ ಹತ್ತಿತು. ಅಮ್ಮ ಮಾತೇ ಆಡಲಿಲ್ಲ, ಸುಮ್ನೆ ನನ್ನ ಕೈ ಹಿಡಿದುಕೊಂಡರು.

ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಇದೆ, ಅಬಿಸ್ಕೋದಲ್ಲೇ ನಿಲ್ಲುತ್ತದೆ. ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ, ಒಳ ಜೇಬಿನಲ್ಲಿ ಇಟ್ಟುಕೊಳ್ಳಿ. ಹಗಲಲ್ಲಿ ಪೇಟೆ, ಹೋಟೆಲು ಎಲ್ಲ ಬೇಕು ಅನ್ನುವವರಿಗೆ ಮಾತ್ರ ಈಗಲೂ ಟ್ರೊಮ್ಸೋನೇ ಹೇಳುತ್ತೇನೆ.