ಮೂರನೆಯ ತಟ್ಟೆಯಲ್ಲಿ ಬೆಳೆಯದ ಮಹಾಳಿ ರೋಗಾಣು

ಪ್ರಶ್ನೆ (ಪೆರ್ಲ):
ಆಟಿಯ ಮಳೆಗೆ ನಮ್ಮ ತೋಟದಲ್ಲಿ ಉದುರಿದ, ತೊಟ್ಟಿನ ಬಳಿ ನೆನೆದಂತೆ ಕಡುಹಸಿರಾಗಿ ಬಿಳಿ ಬೂಷ್ಟು ಹಿಡಿದಿದ್ದ ನಳ್ಳಿಗಳಿಂದ (ಎಳೆಯ ಅಡಿಕೆಗಳಿಂದ) ಮಹಾಳಿ ಎಂಬ ಕೊಳೆರೋಗದ ರೋಗಾಣುವಾದ ಫೈಟಾಫ್ತೊರಾವನ್ನು ಬೇರ್ಪಡಿಸಿ, ಸಕ್ಕರೆ, ನೈಟ್ರೇಟ್ ಮತ್ತು ಲವಣಗಳಷ್ಟೇ ಇರುವ ಜಾಪೆಕ್ ಮಾಧ್ಯಮದಲ್ಲಿ ಬೆಳೆಸುತ್ತಿದ್ದೇನೆ. ಅಡಿಕೆಯ ಚೂರನ್ನು ಇಟ್ಟ ಮೊದಲ ತಟ್ಟೆಯಲ್ಲಿ ಎಳೆಗಳು ಚೆನ್ನಾಗಿ ಹರಡಿದವು. ಅದರ ಅಂಚಿನಿಂದ ತೆಗೆದು ಎರಡನೆಯದಕ್ಕೆ ಹಾಕಿದಾಗ ತೆಳುವಾದವು. ಮೂರನೆಯದರಲ್ಲಿ ಬೆಳವಣಿಗೆ ನಿಂತೇಹೋಯಿತು. ಉಷ್ಣತೆ 25 ಡಿಗ್ರಿ ಇದೆ. ಸಕ್ಕರೆಯನ್ನು ದುಪ್ಪಟ್ಟು ಮಾಡಿದರೂ ಫಲ ಕಾಣಲಿಲ್ಲ. ತಪ್ಪು ಎಲ್ಲಿರಬಹುದು?

ಉತ್ತರ (ಬದಿಯಡ್ಕ):
ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ. ಮಾಧ್ಯಮದಲ್ಲಿ ಥಯಾಮಿನ್ ಇಲ್ಲ. ಫೈಟಾಫ್ತೊರಾ ಈ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಮೊದಲ ತಟ್ಟೆಗೆ ಅದು ಅಡಿಕೆಯ ಚೂರಿನಿಂದಲೇ ಬಂದಿತ್ತು, ಮುಂದಿನ ಒಂದೊಂದು ವರ್ಗಾವಣೆಯಲ್ಲೂ ಕರಗುತ್ತ ಹೋಯಿತು. ಲೀಟರಿಗೆ 1 ಮಿಲಿಗ್ರಾಂ ಥಯಾಮಿನ್ ಸೇರಿಸಿ. ಅದು ಬಿಸಿಗೆ ಕೆಡುವುದರಿಂದ ಸೂಕ್ಷ್ಮ ಸೋಸುಕದಲ್ಲಿ ಸೋಸಿ, ಮಾಧ್ಯಮ ತಣಿಯುತ್ತ ಬಂದಾಗ ಬೆರೆಸುವುದು ಒಳ್ಳೆಯದು. ಥಯಾಮಿನ್ ಇಲ್ಲದ ತಟ್ಟೆಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸಲು ಮರೆಯಬೇಡಿ. ನೈಟ್ರೇಟಿನ ಬದಲು ಆಸ್ಪರಜಿನ್ ಎಂಬ ಅಮೈನೋ ಆಮ್ಲ ಕೊಟ್ಟು ನೋಡುವುದೂ ಪ್ರಯೋಜನಕರ.

ಪ್ರಶ್ನಿಸಿದವರು:
ಥಯಾಮಿನ್ ಹಾಕಿದ ತಟ್ಟೆ ಐದು ದಿನಗಳಲ್ಲಿ ತುಂಬಿತು, ಹಾಕದ ತಟ್ಟೆ ಹಾಗೆಯೇ ಉಳಿಯಿತು. ತುಂಬ ಉಪಕಾರವಾಯಿತು. ಆದರೆ ಸೂಕ್ಷ್ಮದರ್ಶಕದಲ್ಲಿ ಬರೀ ಎಳೆಗಳಿವೆ, ಬೀಜಾಣುಚೀಲ ಒಂದೂ ಇಲ್ಲ.

ಉತ್ತರ (ಬದಿಯಡ್ಕ):
ಈಗ ಬೇಕಾಗಿರುವುದು ಕೊಬ್ಬಿನ ಜಾತಿಯ ವಸ್ತುವಾದ ಸ್ಟೆರಾಲ್. ಎಳೆ ಹರಡಲು ಅದಿಲ್ಲದೆಯೂ ನಡೆಯುತ್ತದೆ, ಬೀಜಾಣುಗಳು ಹುಟ್ಟಲು ಬೇಕು. ಅದನ್ನೂ ಈ ಜೀವಿ ಗಿಡದಿಂದಲೇ ಪಡೆಯುತ್ತದೆ. ಗಿಡಗಳಲ್ಲಿರುವ ಸ್ಟೆರಾಲ್ ಆದ ಸಿಟೊಸ್ಟೆರಾಲ್ ಶುದ್ಧ ರೂಪದಲ್ಲಿ ದುಬಾರಿ. ಲೀಟರಿಗೆ 200 ಗ್ರಾಂ ಕ್ಯಾರೆಟ್ ಅರೆದು ಸೋಸಿದ ರಸದ ಅಗರಿನಲ್ಲಿ ಬೇಕಾದಷ್ಟು ಇರುತ್ತದೆ. ಅದರಲ್ಲಿ ಬೆಳೆದ ತುಣುಕುಗಳನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ಬೆಳಕಿನಲ್ಲಿ ಒಂದೆರಡು ದಿನ ಇಡಿ.

ತೋಟದ ಮಟ್ಟಿಗೂ ಇದು ಮುಖ್ಯವಾದುದರಿಂದ ಹೇಳುತ್ತಿದ್ದೇನೆ: ಹೆಕ್ಸಾಕೊನಜೋಲಿನಂಥ ಔಷಧಗಳು ಶಿಲೀಂಧ್ರವು ಸ್ಟೆರಾಲ್ ತಯಾರಿಸುವುದನ್ನು ತಡೆದು ಕೊಲ್ಲುತ್ತವೆ. ನಾವು ರೂಢಿಯಿಂದ ಶಿಲೀಂಧ್ರವೆಂದು ಕರೆಯುವ ಈ ಜೀವಿಯಲ್ಲಿ ಆ ತಯಾರಿಕೆಯೇ ಇಲ್ಲದಿರುವಾಗ ತಡೆಯಲು ಏನಿದೆ? ಮಹಾಳಿಗೆಂದು ಅಂಥದ್ದನ್ನು ತಂದಿದ್ದರೆ ಹಣ ವ್ಯರ್ಥ. 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನೇ, ಮುಂಗಾರು ಹಿಡಿಯುವ ಮುಂಚೆ, ಗೊನೆ ಪೂರ್ತಿ ತೋಯುವಂತೆ ಸಿಂಪಡಿಸಿ.

ಪ್ರಶ್ನಿಸಿದವರು:
ಕ್ಯಾರೆಟ್ ತಟ್ಟೆಯ ತುಣುಕುಗಳಲ್ಲಿ ಎರಡನೆಯ ದಿನ ನಿಂಬೆಯಾಕಾರದ ಚೀಲಗಳು ಮೂಡಿದವು. ಅವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರತೆಗೆದ ಬಳಿಕ, ಒಂದು ಚೀಲದ ತುದಿ ಬಿರಿದು ಈಜುಬೀಜಾಣುಗಳು ಒಂದೊಂದಾಗಿ ಹೊರಬಿದ್ದು ನೀರಿನಲ್ಲಿ ಸುತ್ತುತ್ತ ಚದರಿದ್ದನ್ನು ಕಣ್ಣಾರೆ ಕಂಡೆ.