ಕುಚ್ಚಲಕ್ಕಿ ಅನ್ನದ ಜೊತೆ ಪುನರ್ಪುಳಿ: ಶುಗರ್ ಏರಿಕೆ ತಗ್ಗುತ್ತದಾ ಅಂತ ಅಳೆಯುವುದು ಹೇಗೆ?

ತಿಮರೆ:
ಮಂಗಳೂರಿನಲ್ಲಿ ಎಂ.ಎಸ್ಸಿ. ಆಹಾರವಿಜ್ಞಾನದ ಪ್ರಾಜೆಕ್ಟ್. ಊಟದ ಜೊತೆ ಪುನರ್ಪುಳಿ (ಕೋಕಂ) ನೀರು ಕುಡಿದರೆ ಶುಗರ್ ಕಡಿಮೆ ಏರುತ್ತದಾ ಅಂತ ನೋಡಬೇಕು. ಡಿಪಿಪಿಎಚ್ ಟೆಸ್ಟಿನಲ್ಲಿ (ನೇರಳೆ ದ್ರಾವಣದ ಬಣ್ಣ ಎಷ್ಟು ಇಳಿಯಿತು ಅಂತ ನೋಡಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವುದು) ಪುನರ್ಪುಳಿ ಸಿಪ್ಪೆಯ ರಿಸಲ್ಟ್ ಚೆನ್ನಾಗಿ ಬಂದಿದೆ. ಹತ್ತು ಮಂದಿಗೆ ಒಂದು ದಿನ ಅನ್ನ–ನೀರು, ಇನ್ನೊಂದು ದಿನ ಅನ್ನ–ಪುನರ್ಪುಳಿ ಕೊಟ್ಟು ಗ್ಲುಕೋಮೀಟರಿನಲ್ಲಿ ನೋಡಿದರೆ ಸಾಕಾ?

ಬಿಂಬುಳಿ:
ಸಾಲದು. ಡಿಪಿಪಿಎಚ್ ಬದಿಗಿಡಿ. ಕ್ಯುವೆಟ್ಟಿನಲ್ಲಿ (ಅಳತೆಯ ಪುಟ್ಟ ಪಾತ್ರೆ) ನೇರಳೆ ಬಣ್ಣ ಹೋಯ್ತು ಅಂದ ಮಾತ್ರಕ್ಕೆ ರಕ್ತದ ಶುಗರ್ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ದೊಡ್ಡ ತೊಂದರೆ ಉಂಟಲ್ಲ, ಅದು ಕಂಟ್ರೋಲಿನದ್ದು, ಅಂದರೆ ಹೋಲಿಕೆಗೆ ಇಡುವ ಪಾನೀಯದ್ದು. ಯಾವ ಹುಳಿಯಾದರೂ ಜೊಲ್ಲಿನ ಅಮೈಲೇಸಿನ (ಪಿಷ್ಟ ಒಡೆಯುವ ಕಿಣ್ವ) ಕೆಲಸವನ್ನು ಬೇಗ ನಿಲ್ಲಿಸುತ್ತದೆ. ವಿನೆಗರ್, ನಿಂಬೆರಸದಿಂದಲೂ ಪಿಷ್ಟದ ಊಟದ ಶುಗರ್ ತಗ್ಗುವುದು ಕಂಡಿದೆ. ಹಾಗಾದರೆ ನಿಮ್ಮಲ್ಲಿ ಇಳಿದದ್ದು ಸಿಪ್ಪೆಗೆ ಕೆಂಪು ಬಣ್ಣ ಕೊಡುವ ಆಂಥೋಸಯನಿನ್, ಅದರಲ್ಲೇ ಇರುವ ಗಾರ್ಸಿನಾಲಿನಿಂದಲಾ, ಬರೀ ಹುಳಿಯಿಂದಲಾ? ನೀರಿನ ಜೊತೆ ಹೋಲಿಸಿದರೆ ಉತ್ತರ ಸಿಗುವುದಿಲ್ಲ.

ಮೂರು ಪಾನೀಯ ಇಡಿ: ನೀರು, ಅಷ್ಟೇ ಹುಳಿಯ ಸಿಟ್ರಿಕ್ ಆಮ್ಲದ ನೀರು, ಪುನರ್ಪುಳಿ. ಪ್ರತಿಯೊಬ್ಬರೂ ಮೂರನ್ನೂ ಬೇರೆ ಬೇರೆ ದಿನ ಕುಡಿಯಬೇಕು, ಕ್ರಮ ಚೀಟಿ ಎತ್ತಿ ನಿರ್ಧರಿಸಿ. ಬಣ್ಣ ಕಾಣದ ಹಾಗೆ ಮುಚ್ಚಳವಿರುವ ಕಪ್, ಸ್ಟ್ರಾ. ಪಿಎಚ್ ಒಂದೇ ಆದರೆ ಸಾಲದು, ಒಟ್ಟು ಆಮ್ಲೀಯತೆಯನ್ನೂ ಟೈಟ್ರೇಟ್ ಮಾಡಿ (ಕ್ಷಾರ ಹನಿಹನಿ ಬಿಟ್ಟು ಅಳೆದು) ಹೊಂದಿಸಿ.

ಸಿಪ್ಪೆ ಉಪ್ಪು ಹಾಕದೆ ಒಣಗಿಸಿದ್ದೇ ಬೇಕು. ಕ್ಲೋರೈಡ್ ಅಮೈಲೇಸನ್ನು ಚುರುಕು ಮಾಡುತ್ತದೆ, ಅಂಗಡಿಯ ಉಪ್ಪು ಸಿಪ್ಪೆ ತಂದರೆ ಲೆಕ್ಕ ತಪ್ಪುತ್ತದೆ. ಬೆಲ್ಲ, ಒಗ್ಗರಣೆ ಎರಡೂ ಬೇಡ. ಕುದಿಸಬೇಡಿ, ಆಂಥೋಸಯನಿನ್ ಹಾಳಾಗುತ್ತದೆ. 10 ಗ್ರಾಂ ಸಿಪ್ಪೆ, 200 ಮಿ.ಲೀ. ಉಗುರುಬೆಚ್ಚಗಿನ ನೀರು, ಅರ್ಧ ಗಂಟೆ, ಮತ್ತೆ ಸೋಸಿ.

ತಿಮರೆ:
ಟೈಟ್ರೇಶನ್ ನೋಡಿದೆ ಸರ್. ಫಿನಾಲ್ಫ್‌ಥಲೀನ್ ಹಾಕಿದರೆ ಬಣ್ಣ ಬದಲಾಗಿ ಮುಗಿಯಿತು ಅಂತ ತೋರಿಸುವ ಎಂಡ್ ಪಾಯಿಂಟೇ ಕಾಣುವುದಿಲ್ಲ.

ಬಿಂಬುಳಿ:
ಕಾಣುವುದಾದರೂ ಹೇಗೆ? ಪಾನೀಯವೇ ಕೆಂಪು, ಮೇಲಿಂದ ಕ್ಷಾರ ಬಿದ್ದ ಹಾಗೆ ಆಂಥೋಸಯನಿನ್ ತಾನೇ ಬಣ್ಣ ಬದಲಿಸುತ್ತದೆ. ಪಿಎಚ್ ಮೀಟರ್ ಇಟ್ಟು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಡಿ, 8.2ಕ್ಕೆ ನಿಲ್ಲಿಸಿ. ಪ್ರತಿ ಬ್ಯಾಚಿನ ಆಂಥೋಸಯನಿನ್ನೂ ಬರೆದಿಡಿ: ಪಿಎಚ್ 1.0 ಮತ್ತು 4.5ರ ಬಫರಿನಲ್ಲಿ, 520 ಮತ್ತು 700 ನ್ಯಾನೋಮೀಟರಿನಲ್ಲಿ ರೀಡಿಂಗ್.

ಜೀಗುಜ್ಜೆ:
ಅನ್ನದ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಪ್ರತಿ ಸಲ ಜೀರ್ಣವಾಗುವ ಕಾರ್ಬೋಹೈಡ್ರೇಟ್ 50 ಗ್ರಾಂ ಸಿಗಬೇಕು, ಅಂದಾಜು 65 ಗ್ರಾಂ ಒಣ ಅಕ್ಕಿ. ನಮ್ಮ ಕ್ರಮದಲ್ಲಿ ತಿಳಿ ಬಸಿದರೆ ಪಿಷ್ಟವೂ ಹೋಗುತ್ತದೆ, ಎಷ್ಟು ಹೋಯ್ತು ಅಂತ ಲೆಕ್ಕ ಸಿಗದು. ನೀರು ಅಳೆದು ಹಾಕಿ, ಅದರಲ್ಲೇ ಇಂಗಿಸಿ. ಬೆಳಗ್ಗಿನ ಅನ್ನ ಫ್ರಿಜ್ಜಿನಲ್ಲಿಟ್ಟು ಕೊಡಬೇಡಿ. ತಣಿದಾಗ ಒಂದಿಷ್ಟು ಪಿಷ್ಟ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಪುನರ್ಪುಳಿಗೆ ಪುಕ್ಕಟೆ ಹೆಸರು ಬರುತ್ತದೆ.

ರಾತ್ರಿ ಊಟ ಎಲ್ಲರಿಗೂ ಪ್ರತಿ ಸಲ ಒಂದೇ ಇರಲಿ, 10–12 ಗಂಟೆ ಉಪವಾಸ. ಬೆರಳ ರಕ್ತ 0, 15, 30, 45, 60, 90, 120ನೇ ನಿಮಿಷಕ್ಕೆ. ಬೆರಳು ಹಿಂಡಿದರೆ ಅಂಗಾಂಶದ ದ್ರವ ಸೇರಿ ರೀಡಿಂಗ್ ಕೆಡುತ್ತದೆ, ಮೊದಲೇ ಕೈ ಬಿಸಿನೀರಿನಲ್ಲಿ ಇಡಿಸಿ. ಗ್ಲುಕೋಮೀಟರಿಗೆ ಶೇ. 15ರಷ್ಟು ಆಚೀಚೆಗೆ ಮಾನದಂಡದಲ್ಲೇ ಅವಕಾಶ ಉಂಟು. ಒಂದೇ ಮೀಟರ್, ಒಂದೇ ಬ್ಯಾಚಿನ ಸ್ಟ್ರಿಪ್, ಪ್ರತಿ ಸಲ ಎರಡು ರೀಡಿಂಗ್. ಗ್ರಾಫಿನಲ್ಲಿ ಉಪವಾಸದ ಶುಗರಿನ ಗೆರೆಯ ಮೇಲಿನ ವಿಸ್ತೀರ್ಣ ಮಾತ್ರ ಲೆಕ್ಕಕ್ಕೆ.

ಶುಗರಿನ ಮಾತ್ರೆ ತೆಗೆದುಕೊಳ್ಳುವವರನ್ನು ಸೇರಿಸಬೇಡಿ. ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಪಟ್ಟಿ) ನೋಂದಣಿ ಎರಡೂ ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆಯೇ ಆಗಬೇಕು.