ಹಳೇ ಮಾರುತಿ 800ಕ್ಕೆ ರೇಡಿಯೇಟರ್: ಕಡಿಮೆ ಖರ್ಚಿನಲ್ಲಿ ಯಾವುದು ಸರಿ?

ದುರ್ಗದ_800
2004ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಬಿಡುವ ಎಂಜಿನ್), ಎಸಿ ಇದೆ. ಎಂಜಿನ್ ನೀರು ತಣಿಸುವ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಕೋರ್‌ಗೆ (ಸಣ್ಣ ಟ್ಯೂಬ್‌ಗಳಿರುವ ನಡುಭಾಗ) ಕೂಡುವ ಅಂಚಿನಲ್ಲಿ ನೀರು ಜಿನುಗುತ್ತಿದೆ. ಎಂ-ಸೀಲ್ ಮೆತ್ತೋಣ, ಇಲ್ಲಾ ಗುಜರಿಯಿಂದ ಹಳೇದು ತರೋಣ, ಇಲ್ಲಾ ಹೊಸದು ಹಾಕೋಣ ಅಂತಾರೆ ಗ್ಯಾರೇಜಿನವರು. ಗಾಡಿ ಇನ್ನು ಮೂರ್ನಾಲ್ಕು ವರ್ಷ ಓಡಿದರೆ ಸಾಕು. ಯಾವುದಕ್ಕೆ ದುಡ್ಡು ಹಾಕಲಿ?

ಸ್ಪ್ಯಾನರ್_14
ಎಂ-ಸೀಲ್ ಮಾತು ಬಿಡಿ ಸಾರ್. ಆ ಅಂಚಿನೊಳಗೆ ರಬ್ಬರ್ ಗ್ಯಾಸ್ಕೆಟ್ ಇರುತ್ತೆ, ಕಾದು ಕಾದು ಗಟ್ಟಿಯಾಗಿದೆ. ಮೇಲೆ ಏನು ಮೆತ್ತಿದರೂ ಬಿಸಿಗೆ ಪ್ಲಾಸ್ಟಿಕ್ ಒಂದಷ್ಟು, ಅಲ್ಯೂಮಿನಿಯಂ ಇನ್ನೊಂದಷ್ಟು ಹಿಗ್ಗುತ್ತೆ. ಒಳಗಿನಿಂದ ಸುಮಾರು 0.9 ಬಾರ್ ಒತ್ತಡ ಬೇರೆ. ಮೆತ್ತಿದ್ದು ಬಿಟ್ಟುಕೊಳ್ಳುತ್ತೆ. ಗುಜರಿ ಮಾಲಿನ ಗ್ಯಾಸ್ಕೆಟ್‌ಗೂ ಅಷ್ಟೇ ವಯಸ್ಸು, ಟ್ಯೂಬಿನೊಳಗೆ ಎಷ್ಟು ಸುಣ್ಣ ಕಟ್ಟಿದೆ ಅಂತ ಹೊರಗಿನಿಂದ ಕಾಣಲ್ಲ. ಉಗುರಲ್ಲಿ ಕೆರೆದರೆ ಫಿನ್ (ಟ್ಯೂಬ್‌ಗಳ ನಡುವಿನ ತೆಳು ತಗಡು) ಪುಡಿಪುಡಿಯಾಗಿ ಉದುರಿದರಂತೂ ಮುಟ್ಟಲೇಬೇಡಿ.

ಹೊಸದೇ ತಗೊಳ್ಳಿ, ಆದರೆ ಶೋರೂಮ್ ಮಾಲೇ ಆಗಬೇಕಿಲ್ಲ. ಬ್ಯಾಂಕೋದಂಥ ಹೆಸರಿರುವ ಕಂಪನಿಯದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರ ಬಿಡಿಭಾಗದ ಅಂಗಡಿಯಲ್ಲೋ ಕೇಳಿ. ಬರೀ '800 ರೇಡಿಯೇಟರ್' ಅನ್ನಬೇಡಿ. ವರ್ಷ, ಎಂಪಿಎಫ್‌ಐ, ಎಸಿ ಮೂರೂ ಹೇಳಿ. ಎಸಿ ಗಾಡಿಯಲ್ಲಿ ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ದಾಟಿದ ಬಿಸಿಗಾಳಿಯೇ ರೇಡಿಯೇಟರ್‌ಗೆ ಬರೋದು. ತೆಳು ಕೋರ್ ಹಾಕಿದರೆ ಹೈವೇಯಲ್ಲಿ ಗೊತ್ತಾಗಲ್ಲ, ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತೆ.

ಹಳೇದನ್ನು ಬಿಚ್ಚಿ ಅಂಗಡಿಗೇ ಒಯ್ದರೆ ಇನ್ನೂ ಒಳ್ಳೇದು. ಕೋರ್‌ನ ಉದ್ದ, ಅಗಲ, ದಪ್ಪ, ಹೋಸ್ ಸಿಕ್ಕಿಸುವ ಮೂತಿಗಳ ಜಾಗ ಮತ್ತು ಅಳತೆ, ಫ್ಯಾನ್ ಬೋಲ್ಟ್‌ಗಳ ಅಂತರ ಹೋಲಿಸಿ ನೋಡಿ. ಫ್ಯಾನ್ ಕೂರದಿದ್ದರೆ ತಂತಿ ಕಟ್ಟಿ ನಿಲ್ಲಿಸ್ತಾರೆ, ಅದು ಅಲುಗಾಡಿ ಫಿನ್ ಕೆರೆಯುತ್ತೆ.

ಬೆಸುಗೆ_ರಾಜಣ್ಣ
ತಾಮ್ರ-ಹಿತ್ತಾಳೆಯದೂ ಸಿಗುತ್ತೆ. ಲೀಕಾದರೆ ಬೆಸುಗೆ ಹಾಕಬಹುದು, ಟ್ಯಾಂಕ್ ಬಿಚ್ಚಿ ಟ್ಯೂಬ್‌ಗಳಿಗೆ ಕಡ್ಡಿ ಆಡಿಸಿ ತೊಳೆಯಬಹುದು. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಮೂರ್ನಾಲ್ಕು ವರ್ಷಕ್ಕೆ ಅಷ್ಟು ಸುರಿಯೋದು ನನಗಂತೂ ದಂಡ ಅನ್ನಿಸುತ್ತೆ.

ಹೆಡ್_ಗ್ಯಾಸ್ಕೆಟ್
ಕೊಳ್ಳುವ ಮುಂಚೆ ಒಂದು ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು, ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲು ನಾಲ್ಕು ಗುಳ್ಳೆ ಬಂದರೆ ಚಿಂತೆಯಿಲ್ಲ. ಬಿಡದೆ ಬರುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೂ ಹೆಚ್ಚಿದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿ ಸಿಲಿಂಡರ್ ಗ್ಯಾಸ್ ನೀರಿಗೆ ಬರ್ತಿದೆ ಅಂತ ಅನುಮಾನ. ಅದನ್ನು ಸರಿಮಾಡದೆ ಹೊಸ ರೇಡಿಯೇಟರ್ ಹಾಕಿದರೆ ಆ ಒತ್ತಡ ಅದಕ್ಕೂ ಬೀಳುತ್ತೆ. ಮುಚ್ಚಳವನ್ನಂತೂ ಹೊಸದೇ ಹಾಕಿ, 0.9 ಅಂತ ಬರೆದಿರೋದು. ವಾಟರ್ ಪಂಪ್ ಕೆಳಗೆ ನೀರು ಸೋರಿದ ಕಲೆ ಇದೆಯಾ ನೋಡಿ.

ದುರ್ಗದ_800
ಗುಳ್ಳೆ ಇಲ್ಲ. ಹೊಸದೇ ಹಾಕಿಸ್ತೀನಿ. ಆದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ತೆಗೆದುಬಿಡೋಣ, ಬೋರ್ ನೀರು ಸಾಕು ಅಂತಾರಲ್ಲ ಗ್ಯಾರೇಜಿನವರು?

ಸ್ಪ್ಯಾನರ್_14
ಎರಡಕ್ಕೂ ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗಲ್ಲ, ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತೆ, ಮೈಲೇಜ್ ಬೀಳುತ್ತೆ. ಬೋರ್ ನೀರಿನ ಸುಣ್ಣ ಸಣ್ಣ ಟ್ಯೂಬ್‌ಗಳಲ್ಲೇ ಕೂರೋದು. ಅದರ ಉಪ್ಪು ಅಲ್ಯೂಮಿನಿಯಂ ತಿನ್ನುತ್ತೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ. ರೆಡಿಮಿಕ್ಸ್ ಡಬ್ಬಿಯಾದರೆ ನೀರು ಸೇರಿಸೋದೇ ಬೇಡ. ಹೊಸದನ್ನು ಕೂರಿಸುವ ಮುಂಚೆ ಎಂಜಿನ್ ಒಳಗಿನ ಕೆಸರು ಬರುವಷ್ಟು ಫ್ಲಶ್ ಮಾಡಿಸಿ, ಇಲ್ಲದಿದ್ದರೆ ಅದೆಲ್ಲ ಹೊಸ ಕೋರ್‌ಗೇ ಹೋಗುತ್ತೆ.

ಕ್ಲಾಂಪ್ ಬಿಗಿಯುವಾಗ ಹತ್ತಿರ ನಿಂತು ನೋಡಿ, ಪ್ಲಾಸ್ಟಿಕ್ ಮೂತಿ ಸೀಳುವುದು ಹೆಚ್ಚಾಗಿ ಆಗಲೇ. ಹೀಟರ್ ಲಿವರ್ 'ಹಾಟ್'ಗೆ ಇಟ್ಟು, ಮುಚ್ಚಳ ತೆರೆದೇ ನಿಧಾನಕ್ಕೆ ತುಂಬಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಐಡಲ್ ಬಿಡಿ. ಗಾಳಿ ಹೊರಬಿದ್ದಂತೆ ಮಟ್ಟ ಇಳಿಯುತ್ತೆ, ತುಂಬಿಸಿ ಮುಚ್ಚಿ. ಮಾರನೇ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ಮಟ್ಟ ನೋಡಿ.